ಕನಿಷ್ಠ ಇಷ್ಟು ವರ್ಷ ಅಂತ ಕಾನೂನೇ ಬರೆದಿಟ್ಟ ಮೇಲೆ ಜಡ್ಜ್‌ಗೆ ಏನು ಉಳಿಯಿತು?

ಬಟವಾಡಿ ಹುಡುಗ

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲೇ ಕಾನೂನು ಓದುತ್ತಿದ್ದೇನೆ. ಶಿಕ್ಷೆಯ ಬಗ್ಗೆ ಓದುವಾಗ ಒಂದು ಅಮೆರಿಕದ ಕೇಸು ಸಿಕ್ಕಿತು. ಆವತ್ತಿನಿಂದ ತಲೆ ತಿನ್ನುತ್ತಿದೆ. ಇಲ್ಲಿ ವಕೀಲರೂ ಕೋರ್ಟಿನವರೂ ಇದ್ದೀರಿ ಅಂತ ಹಾಕುತ್ತಿದ್ದೇನೆ.

ಓರೆಗಾನ್ ರಾಜ್ಯದ ಡ್ವೈಟ್ ಹ್ಯಾಮಂಡ್, ಸ್ಟೀವನ್ ಹ್ಯಾಮಂಡ್ ಅಂತ ಅಪ್ಪ ಮಗ. ದನ ಸಾಕುವವರು. ಸರ್ಕಾರಿ ಹುಲ್ಲುಗಾವಲಿಗೆ ಅಂಟಿಕೊಂಡೇ ಇವರ ಜಮೀನು. 2001ರಲ್ಲಿ ಇವರು ಹಚ್ಚಿದ ಬೆಂಕಿ ಸರ್ಕಾರಿ ಜಾಗಕ್ಕೂ ಹಬ್ಬಿ 139 ಎಕರೆ ಸುಟ್ಟಿತು. 2006ರಲ್ಲಿ ಮಗ ಹಚ್ಚಿದ ಇನ್ನೊಂದು ಬೆಂಕಿಗೆ ಸುಮಾರು ಒಂದು ಎಕರೆ ಹೋಯಿತು. 2001ರದ್ದು ಕದ್ದು ಜಿಂಕೆ ಹೊಡೆದದ್ದನ್ನು ಮುಚ್ಚಿಹಾಕೋಕೆ ಹಚ್ಚಿದ್ದು ಅಂತ ಸರ್ಕಾರದ ಕಡೆಯವರು. ಕಳೆ ಸುಡೋಕೆ ಅಂತ ಇವರು. ಯಾರೂ ಸಾಯಲಿಲ್ಲ.

ಶಿಕ್ಷೆ ಮಾತ್ರ 1996ರ ಭಯೋತ್ಪಾದನೆ ತಡೆ ಕಾನೂನಿನ ಲೆಕ್ಕದಲ್ಲಿ. 1995ರಲ್ಲಿ ಒಕ್ಲಹೋಮಾ ಸಿಟಿಯಲ್ಲಿ ಬಾಂಬ್ ಸಿಡಿಸಿ 168 ಜನರನ್ನು ಕೊಂದರಲ್ಲ, ಅದಾದ ಮೇಲೆ ಬಂದ ಕಾನೂನು ಅದು. ಸರ್ಕಾರಿ ಆಸ್ತಿಗೆ ಬೇಕಂತಲೇ ಬೆಂಕಿ ಇಟ್ಟರೆ ಕನಿಷ್ಠ 5 ವರ್ಷ. 2012ರಲ್ಲಿ ಜಡ್ಜ್ ಮೈಕೆಲ್ ಹೋಗನ್, ಇಂಥ ತಪ್ಪಿಗೆ 5 ವರ್ಷ ಅಂದರೆ ಮನಸ್ಸಾಕ್ಷಿ ಒಪ್ಪುವುದಿಲ್ಲ ಅಂತ ಅಪ್ಪನಿಗೆ 3 ತಿಂಗಳು, ಮಗನಿಗೆ 1 ವರ್ಷ 1 ದಿನ ಕೊಟ್ಟರು. ಸರ್ಕಾರ ಅಪೀಲು ಹೋಯಿತು. ಕನಿಷ್ಠಕ್ಕಿಂತ ಕೆಳಗೆ ಇಳಿಯೋ ಅಧಿಕಾರ ಜಡ್ಜ್‌ಗೆ ಇಲ್ಲ ಅಂತ ಮೇಲಿನ ಕೋರ್ಟು ಹೇಳಿತು. ಶಿಕ್ಷೆ ಮುಗಿಸಿ ಮನೆಗೆ ಬಂದಿದ್ದವರಿಗೆ 2015ರಲ್ಲಿ ಮತ್ತೆ 5 ವರ್ಷ ಹಾಕಿ ವಾಪಸ್ ಜೈಲಿಗೆ ಕಳಿಸಿದರು. ಈ ಸಿಟ್ಟಿಗೆ 2016ರ ಜನವರಿಯಲ್ಲಿ ಒಂದಷ್ಟು ಜನ ಬಂದೂಕು ಹಿಡಿದು ಅಲ್ಲಿನ ಪಕ್ಷಿಧಾಮದ ಕಚೇರಿಯಲ್ಲೇ ಠಿಕಾಣಿ ಹೂಡಿದರು, ಅವರಲ್ಲಿ ಒಬ್ಬ ಪೊಲೀಸರ ಗುಂಡಿಗೆ ಸತ್ತ. ಕೊನೆಗೆ 2018ರಲ್ಲಿ ಟ್ರಂಪ್ ಅಪ್ಪ ಮಗ ಇಬ್ಬರಿಗೂ ಕ್ಷಮಾದಾನ ಕೊಟ್ಟರು.

ನಮ್ಮ ದೇವರಾಯನದುರ್ಗದ ಕಡೆ ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಬೀಳದ ವರ್ಷ ಯಾವುದಿದೆ ಹೇಳಿ. ಅದಕ್ಕೆ ಭಯೋತ್ಪಾದನೆಯ ಕನಿಷ್ಠ ಶಿಕ್ಷೆ ಅಂದರೆ ಯಾರಾದರೂ ಒಪ್ಪುತ್ತಾರಾ? ಭಯೋತ್ಪಾದನೆಗೆ ನಮ್ಮಲ್ಲಿರೋ ಕಾನೂನು ಯುಎಪಿಎಯಲ್ಲೂ ಹೀಗೆ ಕನಿಷ್ಠ 5 ವರ್ಷ ಇದೆ. ಎಲ್ಲ ಕೇಳಿ, ಎಲ್ಲ ನೋಡಿ, ಕೊನೆಗೆ ಶಿಕ್ಷೆ ಹೇಳೋ ಹೊತ್ತಿಗೆ ಜಡ್ಜ್ ಕೈ ಕಟ್ಟಿಹಾಕೋದು ಸರೀನಾ?

ಶಿರಾ ಗೇಟ್

ಸರಿ ಅಲ್ಲದೆ ಇನ್ನೇನು. 2008ರ ಜುಲೈ 25ಕ್ಕೆ ಬೆಂಗಳೂರಲ್ಲಿ ಒಂದಾದ ಮೇಲೆ ಒಂದು ಸಿಡಿದಾಗ ನಾನು ಮಡಿವಾಳದ ಹತ್ತಿರ ಕೆಲಸದಲ್ಲಿದ್ದೆ. 2010ರಲ್ಲಿ ಚಿನ್ನಸ್ವಾಮಿ ಸ್ಟೇಡಿಯಂ. 2024ರ ಮಾರ್ಚ್ 1ಕ್ಕೆ ರಾಮೇಶ್ವರಂ ಕೆಫೆ, ಅದೂ ಮಧ್ಯಾಹ್ನ ಊಟದ ಹೊತ್ತಿಗೆ. ಹುಲ್ಲು ಸುಟ್ಟವನ ಕಥೆ ಹೇಳಿ ಬಾಂಬ್ ಇಟ್ಟವನಿಗೆ ಕರುಣೆ ಕೇಳಬೇಡಪ್ಪ. ಒಬ್ಬ ಜಡ್ಜ್ 3 ವರ್ಷ ಅಂತಾರೆ, ಪಕ್ಕದ ಹಾಲ್‌ನವರು 12 ವರ್ಷ ಅಂತಾರೆ. ಅದಕ್ಕೇ ಪಾರ್ಲಿಮೆಂಟು ಇದಕ್ಕಿಂತ ಕೆಳಗೆ ಬೇಡ ಅಂತ ಗೆರೆ ಹಾಕಿರೋದು. ಅದರಲ್ಲಿ ಏನು ತಪ್ಪು?

ಗುಬ್ಬಿ ತೆಂಗು

ಆಟೋ ಮಿನಿಮಮ್ ಚಾರ್ಜ್ ಥರ. ಹತ್ತು ಹೆಜ್ಜೆ ಹೋದರೂ ಅಷ್ಟೇ.

ಕರಿಕೋಟು ತುಮಕೂರು

ಮೊದಲು ಕಾನೂನು ಏನು ಹೇಳುತ್ತೆ ಅಂತ ನೋಡೋಣ, ಆಮೇಲೆ ಜಗಳ ಆಡೋಣ.

ಯುಎಪಿಎ 1967ರದ್ದೇ ಆದರೂ ಭಯೋತ್ಪಾದನೆಯ ಅಧ್ಯಾಯ ಅದರೊಳಗೆ ಬಂದದ್ದು 2004ರಲ್ಲಿ, ಅದಕ್ಕೂ ಮುಂಚೆ ಇದ್ದ ಭಯೋತ್ಪಾದನೆ ಕಾನೂನು ಪೋಟಾ ತೆಗೆದಾಗ. ಸೆಕ್ಷನ್ 16ರಲ್ಲಿ ಕೃತ್ಯದಿಂದ ಯಾರಾದರೂ ಸತ್ತಿದ್ದರೆ ಮರಣದಂಡನೆ ಇಲ್ಲ ಜೀವಾವಧಿ. ಸಾಯದಿದ್ದರೆ 5 ವರ್ಷಕ್ಕೆ ಕಡಿಮೆ ಇಲ್ಲದೆ ಜೀವಾವಧಿ ತನಕ. 17 ಹಣ ಕೂಡಿಸಿದ್ದಕ್ಕೆ, 18 ಒಳಸಂಚು, ಪ್ರಚೋದನೆ, ನೆರವು ಇತ್ಯಾದಿಗೆ, 18ಎ ತರಬೇತಿ ಶಿಬಿರಕ್ಕೆ, 18ಬಿ ಜನ ಸೇರಿಸಿದ್ದಕ್ಕೆ. ಎಲ್ಲದಕ್ಕೂ ಕೆಳಗಿನ ಗೆರೆ 5 ವರ್ಷ. 19 ಆಶ್ರಯ ಕೊಟ್ಟಿದ್ದಕ್ಕೆ, ಕೆಳಗಿನ ಗೆರೆ 3 ವರ್ಷ.

ಹಾಗಾಗಿ ಶಿರಾ ಗೇಟ್ ಹೇಳೋದರಲ್ಲಿ ಒಂದು ಮಾತು ನಿಜ. 5 ವರ್ಷದಿಂದ ಜೀವಾವಧಿ ತನಕ ದೊಡ್ಡ ಬಯಲೇ ಇದೆ, ಜಡ್ಜ್ ಕೈ ಪೂರ್ತಿ ಕಟ್ಟಿಲ್ಲ. ನಿಜವಾಗಿ ಬಾಂಬ್ ಇಟ್ಟವನಿಗೆ 5 ವರ್ಷ ಜಾಸ್ತಿ ಆಯಿತು ಅಂತ ಯಾವ ವಕೀಲನೂ ವಾದ ಮಾಡುವುದಿಲ್ಲ, ಅವನಿಗೆ ಈ ಕನಿಷ್ಠದ ಗೆರೆ ಲೆಕ್ಕಕ್ಕೇ ಬರುವುದಿಲ್ಲ. ಅದು ಕಚ್ಚೋದು ಅಂಚಿನಲ್ಲಿ ಇರುವವರನ್ನು. ಸಿಮ್ ಕೊಡಿಸಿದವನು, ರೂಮು ಕೊಟ್ಟವನು, ಗ್ರೂಪಲ್ಲಿ ಮೆಸೇಜು ಮುಂದೆ ಕಳಿಸಿದವನು.

ಪಾವಗಡದವನು

ಅಂಚಿನಲ್ಲಿ ಇರುವವರು ಅಂದಿರಿ, ಅದಕ್ಕೆ ಬರೆಯುತ್ತಿದ್ದೇನೆ.

2005ರ ಫೆಬ್ರವರಿ. ಚಿಕ್ಕಮಗಳೂರಿನ ಕಡೆ ನಕ್ಸಲ್ ನಾಯಕ ಸಾಕೇತ್ ರಾಜನ್ ಎನ್‌ಕೌಂಟರ್ ಆಗಿ ಕೆಲವೇ ದಿನ. ನಮ್ಮ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಬೀಡುಬಿಟ್ಟಿದ್ದ ಕೆಎಸ್‌ಆರ್‌ಪಿ ಪೊಲೀಸರ ಮೇಲೆ ರಾತ್ರಿ ನಕ್ಸಲರು ನುಗ್ಗಿ ಕೊಂದರು. ಸತ್ತವರು ದೊಡ್ಡ ಅಧಿಕಾರಿಗಳಲ್ಲ. ಡ್ಯೂಟಿ ಹಾಕಿದ ಕಡೆ ಬಂದು ಮಲಗಿದ್ದ ಕಾನ್‌ಸ್ಟೇಬಲ್‌ಗಳು. ಭಯೋತ್ಪಾದನೆ ಅಂದರೆ ಬೆಂಗಳೂರಿನ ಕೆಫೆ ಒಂದೇ ಅಲ್ಲ, ನಮ್ಮ ಜಿಲ್ಲೆಯಲ್ಲೂ ಆಗಿದೆ, ಬಹಳ ಜನರಿಗೆ ಮರೆತೇ ಹೋಗಿದೆ. ಅಂಥವರಿಗೆ ಕಠಿಣ ಶಿಕ್ಷೆ ಬೇಡ ಅನ್ನೋನು ನಾನಲ್ಲ.

ಆದರೆ ಗಡಿ ಹಳ್ಳಿಯಲ್ಲಿ ಬದುಕೋರಿಗೆ ಇನ್ನೊಂದೂ ಗೊತ್ತು. ರಾತ್ರಿ ಹತ್ತು ಗಂಟೆಗೆ ಬಂದೂಕು ಹೆಗಲಿಗೆ ಹಾಕಿಕೊಂಡು ನಾಲ್ಕು ಜನ ಬಾಗಿಲಿಗೆ ಬಂದು ಊಟ ಇದೆಯಾ ಅಂದರೆ ನೀವು ಏನು ಹೇಳುತ್ತೀರಿ? ಇಲ್ಲ ಅನ್ನೋಕೆ ಧೈರ್ಯ ಸಾಲದು. ಮುದ್ದೆ ಇಟ್ಟರೆ ಬೆಳಗ್ಗೆ ಪೊಲೀಸರು ಬರುತ್ತಾರೆ. ಈ ಎರಡರ ಮಧ್ಯೆ ಸಿಕ್ಕಿಕೊಂಡವನಿಗೂ ಕನಿಷ್ಠ 3 ವರ್ಷವಾ?

ಕರಿಕೋಟು ತುಮಕೂರು

ಪಾವಗಡದ ಅಣ್ಣ, 19ಕ್ಕೆ ಅವನು ಭಯೋತ್ಪಾದಕ ಅಂತ ಗೊತ್ತಿದ್ದೂ ಬೇಕಂತಲೇ ಆಶ್ರಯ ಕೊಟ್ಟದ್ದು ಸಾಬೀತಾಗಬೇಕು. ಬೆದರಿಕೆಗೆ ಹೆದರಿ ಊಟ ಇಟ್ಟವನು ಬಚಾವಾಗೋಕೆ ದಾರಿ ಇದೆ. ಆದರೆ ಅದು ವಿಚಾರಣೆ ಮುಗಿದ ಮೇಲೆ ಸಿಗೋ ದಾರಿ.

ಅದೇ ಸೆಕ್ಷನ್‌ನಲ್ಲಿ ಒಂದು ವಿನಾಯಿತಿ ಇದೆ ನೋಡಿ. ಆಶ್ರಯ ಕೊಟ್ಟದ್ದು ಗಂಡನೋ ಹೆಂಡತಿಯೋ ಆಗಿದ್ದರೆ ಅಪರಾಧವೇ ಅಲ್ಲ. ಅಷ್ಟೇ. ತಾಯಿಗೆ ಇಲ್ಲ. ಮಗ ಏನು ಮಾಡಿ ಬಂದಿದ್ದಾನೆ ಅಂತ ಗೊತ್ತಿದ್ದೂ ಒಂದು ರಾತ್ರಿ ಒಳಗೆ ಮಲಗಿಸಿಕೊಂಡು ಬೆಳಗ್ಗೆ ರೊಟ್ಟಿ ಕಟ್ಟಿಕೊಟ್ಟ ತಾಯಿಗೂ, ಆರು ತಿಂಗಳು ಮನೆ ಬಾಡಿಗೆಗೆ ಹಿಡಿದುಕೊಟ್ಟು ಗನ್ ಬಚ್ಚಿಟ್ಟ ದೋಸ್ತಿಗೂ ಕೆಳಗಿನ ಗೆರೆ ಒಂದೇ. ಮೇಲಕ್ಕೆ ಹೋಗುವಾಗ ಜಡ್ಜ್ ಇಬ್ಬರಿಗೂ ವ್ಯತ್ಯಾಸ ಮಾಡಬಹುದು. ಕೆಳಗೆ ಬರುವಾಗ ಆಗಲ್ಲ. ಐಪಿಸಿ ಬದಲು ಬಂದ ಹೊಸ ಭಾರತೀಯ ನ್ಯಾಯ ಸಂಹಿತೆಯ 113ರಲ್ಲೂ ಇದೇ 3 ವರ್ಷ, ಇದೇ ವಿನಾಯಿತಿ.

ಹಳೇ ಬೆಂಚ್ ಕ್ಲರ್ಕ್

ಭಯೋತ್ಪಾದನೆ ಕೇಸು ನಾನು ಮಾಡಿಲ್ಲ. ಅವೆಲ್ಲ ಬೆಂಗಳೂರಿನ ವಿಶೇಷ ಕೋರ್ಟಿಗೆ ಹೋಗುತ್ತವೆ. ಆದರೆ ಕನಿಷ್ಠ ಶಿಕ್ಷೆಯ ಕೇಸುಗಳಲ್ಲಿ ಜಡ್ಜ್ ಸಾಹೇಬರ ಕೆಳಗೆ ಕೂತು ಬೇಕಾದಷ್ಟು ನೋಡಿದ್ದೇನೆ.

ತೀರ್ಪಲ್ಲಿ ತಪ್ಪಿತಸ್ಥ ಅಂತಾದ ಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆ ಆರೋಪಿಯನ್ನೇ ಕೇಳಬೇಕು. ಕೋರ್ಟು ಕೇಸು ಹೇಗೆ ನಡೆಸಬೇಕು ಅನ್ನೋ ಕಾನೂನಲ್ಲೇ ಇದೆ, ಹಳೇ ಸಿಆರ್‌ಪಿಸಿ 235(2), ಈಗ ಬಿಎನ್‌ಎಸ್‌ಎಸ್ 258. ಏನಪ್ಪ, ಶಿಕ್ಷೆ ಬಗ್ಗೆ ಏನಾದರೂ ಹೇಳೋದಿದೆಯಾ ಅಂತ ಸಾಹೇಬರು ಕೇಳುತ್ತಾರೆ. ಅವನಿಗೆ ಅದು ಅರ್ಥವೇ ಆಗಲ್ಲ. ವಕೀಲರು ಪಿಸುಗುಟ್ಟುತ್ತಾರೆ. ಆಮೇಲೆ ಸ್ವಾಮಿ, ಅಮ್ಮಂಗೆ ನಾನೊಬ್ಬನೇ, ಎರಡು ಹಸು ಇವೆ, ತಂಗಿ ಮದುವೆ ಆಗಿಲ್ಲ ಅಂತಾನೆ. ಸಾಹೇಬರು ಹೇಳುತ್ತಾರೆ, ಸ್ಟೆನೋ ಅಷ್ಟನ್ನೂ ಬರೆದುಕೊಳ್ಳುತ್ತಾರೆ. ಸರ್ಕಾರಿ ವಕೀಲರು ಎದ್ದು ಗರಿಷ್ಠ ಶಿಕ್ಷೆ ಕೊಡಿ ಅಂತಾರೆ.

ಒಂದು ಪೋಕ್ಸೋ ಕೇಸು, ಅಂದರೆ 18 ತುಂಬದವರ ಮೇಲಿನ ಲೈಂಗಿಕ ಅಪರಾಧದ ಕಾನೂನಿನದ್ದು. ಹುಡುಗನಿಗೆ 20, ಹುಡುಗಿಗೆ 17 ಇದ್ದಾಗ ಓಡಿಹೋಗಿದ್ದರು. ಕೇಸು ತೀರ್ಮಾನ ಆಗೋ ಹೊತ್ತಿಗೆ ಮದುವೆಯಾಗಿ ಮಗು ಇತ್ತು. ಆ ಹುಡುಗಿ ಹಾಲ್ ಹೊರಗೆ ಬೆಂಚ್ ಮೇಲೆ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು, ಕೈಯಲ್ಲಿ ಊಟದ ಡಬ್ಬಿ. ಇವತ್ತು ಬಿಟ್ಟುಬಿಡುತ್ತಾರೆ ಅಂದುಕೊಂಡಿದ್ದಳು ಕಾಣುತ್ತೆ. 2019ರ ತಿದ್ದುಪಡಿ ಆದ ಮೇಲೆ ಅಲ್ಲಿ ಕನಿಷ್ಠ 10 ವರ್ಷ, ಗರ್ಭಿಣಿ ಮಾಡಿದರೆ 6ನೇ ಸೆಕ್ಷನ್‌ಗೆ ಹೋಗಿ ಕನಿಷ್ಠ 20. ಸಾಹೇಬರು ಹಸು, ಅಮ್ಮ, ಮಗು ಎಲ್ಲ ಬರೆಸಿದರು. ಆಮೇಲೆ ಕಾನೂನು ಹೇಳಿದ್ದನ್ನೇ ಬರೆಸಿದರು. ಚೇಂಬರ್‌ಗೆ ಹೋದವರು ಆ ದಿನ ಮಧ್ಯಾಹ್ನ ಯಾರ ಜೊತೆಗೂ ಮಾತಾಡಲಿಲ್ಲ. ಉತ್ತರ ಮೊದಲೇ ಬರೆದಿಟ್ಟ ಮೇಲೆ ಅವನನ್ನು ಯಾಕೆ ಕೇಳಬೇಕು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಮಧುಗಿರಿ ಅಕ್ಕ

ಬೆಂಚ್ ಕ್ಲರ್ಕ್ ಸಾರ್, ನೀವು ಹೇಳಿದ ಹುಡುಗಿಯ ಬಗ್ಗೆ ನನಗೂ ಬೇಜಾರು. ಆದರೆ ಇನ್ನೊಂದು ಮಗ್ಗುಲೂ ಇದೆ. ಮಹಿಳಾ ಸಂಘದ ಕೆಲಸದಲ್ಲಿ ಕೋರ್ಟು ಸುತ್ತಿದವಳು ನಾನು.

ಅತ್ಯಾಚಾರದ ಹಳೇ ಸೆಕ್ಷನ್ 376ರಲ್ಲಿ ಕನಿಷ್ಠ ಶಿಕ್ಷೆ ಇತ್ತು, ಜೊತೆಗೆ ಒಂದು ಕಿಂಡಿಯೂ ಇತ್ತು. ಸಾಕಷ್ಟು ಮತ್ತು ವಿಶೇಷ ಕಾರಣ ಇದ್ದರೆ ಬರೆದು ದಾಖಲಿಸಿ ಕಡಿಮೆ ಕೊಡಬಹುದು ಅಂತ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಆ ಕಿಂಡಿಯಲ್ಲಿ ಏನೇನು ತೂರಿಸಿದರು ಅಂತ ಕೇಳಿ. ಹುಡುಗ ಇನ್ನೂ ಚಿಕ್ಕವನು, ಅವನಿಗೆ ಮದುವೆ ಆಗಿದೆ, ರಾಜಿ ಆಗಿದೆ. 2011ರಲ್ಲಿ ಬಲದೇವ್ ಸಿಂಗ್ ಕೇಸಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ, 10 ವರ್ಷ ಕನಿಷ್ಠ ಇದ್ದದ್ದಕ್ಕೆ, ಸುಪ್ರೀಂ ಕೋರ್ಟೇ ರಾಜಿ ಆಗಿದೆ ಅಂತ ಒಳಗಿದ್ದಷ್ಟೇ ಸಾಕು ಅಂದುಬಿಟ್ಟಿತು. 2013ರಲ್ಲಿ ಪಾರ್ಲಿಮೆಂಟು ಆ ಕಿಂಡಿಯನ್ನೇ ಮುಚ್ಚಿತು. ಸುಮ್ನೆ ಮುಚ್ಚಲಿಲ್ಲ. ಜಡ್ಜ್ ವಿವೇಚನೆ ಅಂತ ಹೂವಿನ ಹಾರ ಹಾಕೋ ಮುಂಚೆ ಇದನ್ನೂ ನೋಡಿ.

ಕೋಲಾರದ ಮೇಷ್ಟ್ರು

ಅಕ್ಕ ಹೇಳಿದ್ದು ಕಡಿಮೆ ಕೊಟ್ಟ ಉದಾಹರಣೆ. ಜಾಸ್ತಿ ಕೊಟ್ಟದ್ದನ್ನು ನಾನು ಹೇಳುತ್ತೇನೆ.

ರಾಜೀವ್ ಗಾಂಧಿ ಹತ್ಯೆ ಕೇಸು. ಭಯೋತ್ಪಾದನೆಯ ಹಳೇ ಕಾನೂನು ಟಾಡಾದ ಕೋರ್ಟು 1998ರ ಜನವರಿಯಲ್ಲಿ 26 ಆರೋಪಿಗಳಿಗೂ ಮರಣದಂಡನೆ ಕೊಟ್ಟಿತು. ಅಷ್ಟೂ ಜನಕ್ಕೆ! ಸಂಚು ಮಾಡಿದವರಿಗೂ, ಕೊನೆಗೆ ಬೆಂಗಳೂರಿನ ಕೋಣನಕುಂಟೆಯಲ್ಲಿ ಸಂಚಿನ ಮುಖ್ಯಸ್ಥ ಶಿವರಾಸನ್ ಗುಂಪಿಗೆ ಜಾಗ ಮಾಡಿಕೊಟ್ಟವರಿಗೂ ಒಂದೇ ನೇಣು. ಹಾಗೇ ಕೊಡಬೇಕು ಅಂತ ಯಾವ ಕಾನೂನೂ ಹೇಳಿರಲಿಲ್ಲ. ಜಡ್ಜ್‌ಗೆ ವಿವೇಚನೆ ಇತ್ತು, ಅದನ್ನು ಅವರು ಬಳಸಿದ್ದು ಹೀಗೆ. 1999ರ ಮೇನಲ್ಲಿ ಸುಪ್ರೀಂ ಕೋರ್ಟು ಇದು ಟಾಡಾಕ್ಕೆ ಬರೋದೇ ಇಲ್ಲ ಅಂತ ಹೇಳಿ ನಾಲ್ವರಿಗೆ ಮಾತ್ರ ಮರಣದಂಡನೆ ಉಳಿಸಿತು. ಮೂವರಿಗೆ ಜೀವಾವಧಿ. ಉಳಿದ 19 ಜನ ಸಣ್ಣಪುಟ್ಟ ಅಪರಾಧಕ್ಕೆ ಆಗಲೇ ಒಳಗಿದ್ದ ಅವಧಿ ಸಾಕು ಅಂತ ಹೊರಗೆ ಬಂದರು.

ಅಂದರೆ ದೇಶವೇ ಸಿಟ್ಟಲ್ಲಿ ಇರುವಾಗ ಜಡ್ಜ್ ಕೂಡ ಅದೇ ಪೇಪರ್ ಓದುತ್ತಾರೆ. ವಿವೇಚನೆ ಕೊಟ್ಟರೆ ಕರುಣೆ ಬಂದುಬಿಡುತ್ತೆ ಅಂತ ಯಾಕೆ ಅಂದುಕೊಳ್ಳುತ್ತೀರಿ?

ಶಿರಾ ಗೇಟ್

ಇದನ್ನೇ ನಾನು ಹೇಳಿದ್ದು. ಜಡ್ಜ್ ಮೇಲೆ ಬಿಟ್ಟರೆ ಒಂದು ಸಲ ಹೂವು, ಒಂದು ಸಲ ನೇಣು. ಗೆರೆ ಇರಲಿ.

ಬಟವಾಡಿ ಹುಡುಗ

ಮೇಷ್ಟ್ರೆ, ನಿಮ್ಮ ಉದಾಹರಣೆಯಲ್ಲೇ ಉತ್ತರ ಇದೆ ಅನ್ನಿಸುತ್ತೆ. ಕೆಳಗಿನ ಕೋರ್ಟು 26 ಅಂದದ್ದನ್ನು ಮೇಲಿನ ಕೋರ್ಟು ಸರಿ ಮಾಡಿತಲ್ಲ. ಹ್ಯಾಮಂಡ್ ಕೇಸಲ್ಲಿ ಮೇಲಿನ ಕೋರ್ಟು ಬಯಸಿದ್ದರೂ ಸರಿ ಮಾಡೋಕೆ ಆಗುತ್ತಿರಲಿಲ್ಲ. ನಮ್ಮಲ್ಲಿ ಸುಪ್ರೀಂ ಕೋರ್ಟಿಗಾದರೂ ಕನಿಷ್ಠಕ್ಕಿಂತ ಕೆಳಗೆ ಇಳಿಯೋಕೆ ಆಗುತ್ತಾ? ಪೂರ್ಣ ನ್ಯಾಯಕ್ಕೆ ಬೇಕಾದ ಆದೇಶ ಮಾಡೋಕೆ ಅದಕ್ಕೆ ಸಂವಿಧಾನದ ಆರ್ಟಿಕಲ್ 142 ಇದೆಯಲ್ಲ?

ಕರಿಕೋಟು ತುಮಕೂರು

ಒಳ್ಳೆ ಪ್ರಶ್ನೆ. ಇಲ್ಲಿ ನಮ್ಮ ಕೋರ್ಟುಗಳು ಎರಡು ಥರ ನಡೆದುಕೊಂಡಿವೆ.

ಕಡ್ಡಾಯ ಮರಣದಂಡನೆ ಬಂದಾಗಲೆಲ್ಲ ಹೊಡೆದುಹಾಕಿವೆ. ಜೀವಾವಧಿ ಕೈದಿ ಕೊಲೆ ಮಾಡಿದರೆ ನೇಣೇ ಅಂತಿದ್ದ ಐಪಿಸಿ 303, 1983ರ ಮಿಟ್ಟು ಕೇಸಲ್ಲಿ ಹೋಯಿತು. ಆಯುಧ ಕಾಯ್ದೆಯ 27(3), 2012ರ ದಲ್ಬೀರ್ ಸಿಂಗ್ ಕೇಸಲ್ಲಿ ಹೋಯಿತು. ಕೇಸಿನ ಸಂಗತಿ ನೋಡದೆ ಶಿಕ್ಷೆ ಹಾಕು ಅಂತ ಜಡ್ಜ್‌ಗೆ ಹೇಳಿದರೆ ಅದು ನ್ಯಾಯದ ಕ್ರಮವೇ ಅಲ್ಲ ಅನ್ನೋದು ಇದರ ತಿರುಳು.

ವರ್ಷಗಳ ಲೆಕ್ಕಕ್ಕೆ ಬಂದರೆ ಅದೇ ಕೋರ್ಟುಗಳು ಕೈ ಎತ್ತುತ್ತವೆ. 2019ರ ವಿಕ್ರಂ ದಾಸ್ ಕೇಸು ನೋಡು. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕನಿಷ್ಠ 6 ತಿಂಗಳು, ಹೈಕೋರ್ಟು ಅವನು ಒಳಗಿದ್ದ 11 ದಿನ ಸಾಕು ಅಂದಿತ್ತು. ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಶಾಸನ ಹಾಕಿದ ಗೆರೆಯ ಕೆಳಗೆ 142ರಲ್ಲೂ ಇಳಿಯೋಕೆ ಆಗಲ್ಲ ಅಂತ ಅರ್ಥ. ಎಲ್ಲರಿಗೂ ಗೊತ್ತಿರೋ ಕೇಸು ಬೇಕಾದರೆ ಸಂಜಯ್ ದತ್‌ದು. ಟಾಡಾದಿಂದ ಖುಲಾಸೆ, ಆಯುಧ ಕಾಯ್ದೆಯಲ್ಲಿ ಟಾಡಾ ಕೋರ್ಟು 6 ವರ್ಷ ಕೊಟ್ಟಿತ್ತು, 2013ರಲ್ಲಿ ಸುಪ್ರೀಂ ಕೋರ್ಟು 5ಕ್ಕೆ ಇಳಿಸಿತು. ಆಗ ಆ ಸೆಕ್ಷನ್‌ಗೆ ಕನಿಷ್ಠವೇ 5. ನೆಲ ಮುಟ್ಟಿದ ಮೇಲೆ ಇನ್ನೆಲ್ಲಿಗೆ ಇಳಿಯೋದು.

ಈಗ ನನ್ನ ಮಾತು. ಇಷ್ಟು ಹೊತ್ತು ಎಲ್ಲರೂ ಜಡ್ಜ್ ಕೈಯ ವಿವೇಚನೆ ಇರಬೇಕೋ ಬೇಡವೋ ಅಂತ ಮಾತಾಡಿದಿರಿ. ವಿವೇಚನೆ ಎಲ್ಲೂ ಹೋಗಿಲ್ಲ. ಜಡ್ಜ್ ಕೈಯಿಂದ ಸೆಕ್ಷನ್ ಹಾಕುವವರ ಕೈಗೆ ಹೋಗಿದೆ, ಅಷ್ಟೇ. ಒಬ್ಬ ಹುಡುಗ, ಒಂದು ಫೋನು, ಅದರಲ್ಲಿ ನಾಲ್ಕು ಮೆಸೇಜು ಅಂತಿಟ್ಟುಕೊಳ್ಳಿ. ಸಂಘಟನೆಗೆ ಬೆಂಬಲ ಅಂತ 39 ಹಾಕಿದರೆ 10 ವರ್ಷದ ತನಕ, ಕನಿಷ್ಠ ಅನ್ನೋದೇ ಇಲ್ಲ. ಭಯೋತ್ಪಾದಕ ಗುಂಪಿನ ಸದಸ್ಯ ಅಂತ 20 ಹಾಕಿದರೆ ಜೀವಾವಧಿ ತನಕ, ಅಲ್ಲೂ ಕನಿಷ್ಠ ಇಲ್ಲ. ಅದೇ ಮೆಸೇಜಿಗೆ ಒಳಸಂಚು, ನೆರವು ಅಂತ 18 ಹಾಕಿದರೆ ಕನಿಷ್ಠ 5. ಯಾವುದು ಹಾಕಬೇಕು ಅನ್ನೋದು ತೀರ್ಮಾನ ಆಗೋದು ತನಿಖೆ ಮಾಡುವವರ ಟೇಬಲ್ ಮೇಲೆ. ಅಲ್ಲಿ ಆರೋಪಿಯ ವಕೀಲ ಇಲ್ಲ. ಕಾರಣ ಬರೆದ ಹಾಳೆ ನಮ್ಮ ಕೈಗೆ ಸಿಗಲ್ಲ.

ಮಧುಗಿರಿ ಅಕ್ಕ ಹೇಳಿದ ಜಡ್ಜ್‌ಗಳು ಕೆಟ್ಟ ಕಾರಣ ಕೊಟ್ಟರು, ಒಪ್ಪುತ್ತೇನೆ. ಆದರೆ ಕಾರಣ ಬರೆದರು. ಅದಕ್ಕೇ ಇವತ್ತು ಆ ತೀರ್ಪಿನ ಹೆಸರು ಹೇಳಿ ಅಕ್ಕ ಬಯ್ಯೋಕೆ ಆಗುತ್ತಿರೋದು.

ಶಿರಾ ಗೇಟ್

ಲಾಯರ್ ಸಾಹೇಬ್ರೆ, ಚಾರ್ಜ್ ಫ್ರೇಮ್ ಮಾಡೋದು ಜಡ್ಜೇ ಅಲ್ವಾ? ಪೊಲೀಸರು ಸುಮ್ನೆ 18 ಹಾಕಿದ್ದರೆ ಅಲ್ಲೇ ತೆಗೆದುಹಾಕಲಿ.

ಕರಿಕೋಟು ತುಮಕೂರು

ತೆಗೆಯಬಹುದು. ಆದರೆ ಆ ಹಂತದಲ್ಲಿ ಸಾಕ್ಷ್ಯವನ್ನು ತೂಗಿ ನೋಡೋ ಹಾಗಿಲ್ಲ. ಮೇಲ್ನೋಟಕ್ಕೆ ಇದ್ದರೆ ಸಾಕು, ವಿಚಾರಣೆ ನಡೆಯಲಿ ಅಂತಾರೆ. ಮತ್ತೆ ವಿಚಾರಣೆ ಮುಗಿಯೋದು ಯಾವಾಗ?

ಜಾಮೀನಿಗೆ ಯುಎಪಿಎಯ 43ಡಿ(5) ಅಡ್ಡ. 2008ರಲ್ಲಿ ಮುಂಬೈ ದಾಳಿ ಆದ ಮೇಲೆ ಸೇರಿಸಿದ್ದು. ಆರೋಪ ಮೇಲ್ನೋಟಕ್ಕೆ ನಿಜ ಅನ್ನಿಸಿದರೆ ಜಾಮೀನು ಇಲ್ಲ. ಚಾರ್ಜ್‌ಶೀಟ್‌ಗೇ 180 ದಿನ ಟೈಮ್. ಅರ್ಧ ಶಿಕ್ಷೆಯಷ್ಟು ಕಾಲ ಒಳಗಿದ್ದ ವಿಚಾರಣಾಧೀನ ಕೈದಿಯನ್ನು ಬಿಡಬೇಕು ಅಂತ ಬಿಎನ್‌ಎಸ್‌ಎಸ್ 479 ಹೇಳುತ್ತೆ, ಆದರೆ ಜೀವಾವಧಿ ಕೊಡಬಹುದಾದ ಅಪರಾಧಕ್ಕೆ ಅದು ಅನ್ವಯ ಇಲ್ಲ. 16, 17, 18 ಎಲ್ಲ ಅದರಲ್ಲೇ ಬಂತು.

ಕೇರಳದ ನಜೀಬ್ ಕೇಸು ಇದಕ್ಕೆ ಒಳ್ಳೆ ಉದಾಹರಣೆ. 2010ರಲ್ಲಿ ಮೂವಾಟ್ಟುಪುಳದಲ್ಲಿ ಪ್ರಾಧ್ಯಾಪಕರೊಬ್ಬರ ಕೈ ಕಡಿದ ಕೇಸು. ಕ್ರೂರ ಕೃತ್ಯ, ಅದರಲ್ಲಿ ಎರಡು ಮಾತಿಲ್ಲ. ಇವನ ಜಾಮೀನಿನ ಹೊತ್ತಿಗೆ ತಪ್ಪಿತಸ್ಥರು ಅಂತಾಗಿದ್ದ ಇತರರಿಗೆ ಸಿಕ್ಕಿದ್ದು ಹೆಚ್ಚೆಂದರೆ 8 ವರ್ಷ. ಇವನು ವಿಚಾರಣೆಯೇ ಶುರುವಾಗದೆ 5 ವರ್ಷಕ್ಕಿಂತ ಜಾಸ್ತಿ ಒಳಗಿದ್ದ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ವಿಚಾರಣೆ ಇಷ್ಟು ತಡ ಆದರೆ 43ಡಿ(5) ಇದ್ದರೂ ಜೀವ, ಸ್ವಾತಂತ್ರ್ಯದ ಹಕ್ಕು ಕೊಡೋ ಆರ್ಟಿಕಲ್ 21ರ ಆಧಾರದಲ್ಲಿ ಹೈಕೋರ್ಟು, ಸುಪ್ರೀಂ ಕೋರ್ಟುಗಳು ಜಾಮೀನು ಕೊಡಬಹುದು ಅಂದಿತು. ಆಮೇಲಿನ ತೀರ್ಪುಗಳು ಆ ಕಡೆಗೂ ಇವೆ, ಈ ಕಡೆಗೂ ಇವೆ.

ಇದರಲ್ಲಿ ಕನಿಷ್ಠ 5 ವರ್ಷ ಅನ್ನೋದು ಏನು ಮಾಡುತ್ತೆ ಗೊತ್ತಾ? ಆರು ವರ್ಷ ಒಳಗಿದ್ದವನು ಲೆಕ್ಕ ಹಾಕುತ್ತಾನೆ. ತಪ್ಪೊಪ್ಪಿಕೊಂಡರೆ 5ರಿಂದ 7ರ ಒಳಗೆ ಮುಗಿಯಬಹುದು, ಒಳಗಿದ್ದಷ್ಟು ದಿನ ಶಿಕ್ಷೆಯಲ್ಲಿ ಕಳೆಯುತ್ತಾರೆ, ಇವತ್ತಲ್ಲ ನಾಳೆ ಹೊರಗೆ. ನಾನು ಮಾಡಿಲ್ಲ ಅಂತ ಹೋರಾಡಿದರೆ ಇನ್ನೂ ಎಷ್ಟು ವರ್ಷವೋ. 7 ವರ್ಷಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧಕ್ಕೆ ಶಿಕ್ಷೆಯ ಚೌಕಾಸಿಗೆ ಕಾನೂನಲ್ಲಿ ಅವಕಾಶವೇ ಇಲ್ಲ. ಆದರೂ ಈ ಗಣಿತ ಜೈಲಲ್ಲಿರೋ ಎಲ್ಲರಿಗೂ ಬರುತ್ತೆ. ನಿಜವಾಗಿ ಮಾಡಿದವನೂ ಮಾಡದವನೂ ಒಂದೇ ಲೆಕ್ಕ ಹಾಕುತ್ತಾರೆ ಅನ್ನೋದೇ ನನ್ನ ತಕರಾರು.

ಪಾವಗಡದವನು

ದಕ್ಷಿಣ ಕನ್ನಡದ ಕುತ್ಲೂರಿನ ಪತ್ರಿಕೋದ್ಯಮ ವಿದ್ಯಾರ್ಥಿ ನೆನಪಿದ್ದಾನಾ? 2012ರಲ್ಲಿ ನಕ್ಸಲ್ ನಂಟು ಅಂತ ಅಪ್ಪನ ಜೊತೆ ಹಿಡಿದರು. ಮನೆಯಲ್ಲಿ ಸಿಕ್ಕಿದ ಪುಸ್ತಕ, ಪೇಪರ್ ಕಟಿಂಗ್ ಎಲ್ಲ ಸಾಕ್ಷ್ಯ. ಖುಲಾಸೆ ಆದದ್ದು 2021ರಲ್ಲಿ. ಅವನಿಗೆ ಬೇಗ ಜಾಮೀನು ಸಿಕ್ಕಿತ್ತು, ಅಷ್ಟರಮಟ್ಟಿಗೆ ಪುಣ್ಯ. ಸಿಗದೆ ಇದ್ದಿದ್ದರೆ ಲಾಯರ್ ಸಾರ್ ಹೇಳಿದ ಲೆಕ್ಕ ಅವನೂ ಹಾಕಬೇಕಾಗುತ್ತಿತ್ತೇನೋ.

ಶಿರಾ ಗೇಟ್

ಸರಿ, ನಿಮ್ಮ ಪ್ರಕಾರ ಕನಿಷ್ಠ ತೆಗೆದುಬಿಡೋಣ. ನಾಳೆ ಯಾರೋ ಒಬ್ಬರು ಬಾಂಬಿಗೆ ಸಾಮಾನು ತಂದುಕೊಟ್ಟವನಿಗೆ ಆರು ತಿಂಗಳು ಕೊಟ್ಟರೆ ಸತ್ತವರ ಮನೆಯವರಿಗೆ ನೀವು ಹೋಗಿ ಹೇಳುತ್ತೀರಾ?

ಕರಿಕೋಟು ತುಮಕೂರು

ತೆಗೆಯಿರಿ ಅಂತ ನಾನು ಎಲ್ಲೂ ಹೇಳಿಲ್ಲ. ಗೆರೆ ಇರಲಿ, ಆದರೆ ದಾಟೋಕೆ ಒಂದು ಕಷ್ಟದ ಬಾಗಿಲೂ ಇರಲಿ. ಬ್ರಿಟನ್ ಈ ವಿಷಯದಲ್ಲಿ ನಮಗಿಂತ ಮೆದು ಏನಲ್ಲ. 2019ರ ನವೆಂಬರ್‌ನಲ್ಲಿ ಲಂಡನ್ ಬ್ರಿಡ್ಜ್ ಹತ್ತಿರ, ಭಯೋತ್ಪಾದನೆ ಕೇಸಲ್ಲಿ ಅರ್ಧ ಶಿಕ್ಷೆ ಮುಗಿಸಿ ಬಿಡುಗಡೆ ಆಗಿದ್ದವನೇ ಇಬ್ಬರನ್ನು ಇರಿದು ಕೊಂದ. 2021ರಲ್ಲಿ ಹೊಸ ಕಾನೂನು ತಂದು ಗಂಭೀರ ಭಯೋತ್ಪಾದನೆ ಅಪರಾಧಕ್ಕೆ ಕನಿಷ್ಠ 14 ವರ್ಷ ಮಾಡಿದರು. ನಮ್ಮ 5ರ ಹತ್ತಿರ ಹತ್ತಿರ ಮೂರು ಪಟ್ಟು. ಅದರಲ್ಲೂ ಅಸಾಧಾರಣ ಸಂದರ್ಭ ಇದ್ದರೆ ಜಡ್ಜ್ ಕಡಿಮೆ ಕೊಡಬಹುದು ಅಂತ ಬಿಟ್ಟಿದ್ದಾರೆ. ಎಲ್ಲರಿಗೂ ಸಿಗೋ ರಿಯಾಯಿತಿ ಅಲ್ಲ ಅದು. ಆದರೆ ಮಗನಿಗೆ ರೊಟ್ಟಿ ಕಟ್ಟಿದ ತಾಯಿ ಬಂದು ನಿಂತಾಗ ಜಡ್ಜ್‌ಗೆ ಏನಾದರೂ ಮಾಡೋಕೆ ಜಾಗ ಇರುತ್ತೆ. ಕಾರಣ ಬರೆಯಲಿ. ಸರ್ಕಾರಕ್ಕೆ ಒಪ್ಪಿಗೆ ಆಗದಿದ್ದರೆ ಅಪೀಲು ಹೋಗಲಿ. ರಾಷ್ಟ್ರೀಯ ತನಿಖಾ ದಳದ (ಎನ್‌ಐಎ) ಕೇಸಲ್ಲಿ ಹೇಗೂ ಹೈಕೋರ್ಟಿನ ಇಬ್ಬರು ಜಡ್ಜ್‌ಗಳ ಪೀಠವೇ ಕೇಳೋದು.

ಮಧುಗಿರಿ ಅಕ್ಕ

ಕಾರಣಗಳ ಪಟ್ಟಿಯನ್ನೂ ಕಾನೂನಲ್ಲೇ ಹಾಕಿದರೆ ನನಗೆ ಒಪ್ಪಿಗೆ. ವಯಸ್ಸು, ಬೆದರಿಕೆ, ರಕ್ತಸಂಬಂಧ, ತಾನಾಗಿ ಬಂದು ಮಾಹಿತಿ ಕೊಟ್ಟದ್ದು ಅಂತ. ಪಟ್ಟಿ ಇಲ್ಲದೆ ವಿಶೇಷ ಕಾರಣ ಅಂತ ಖಾಲಿ ಬಿಟ್ಟರೆ ಮತ್ತೆ ಅದೇ ಹಳೇ ಕಥೆ. ದೊಡ್ಡವರ ಮನೆ ಹುಡುಗನಿಗೆ ಭವಿಷ್ಯ ಇದೆ ಅಂತಾರೆ, ಕೂಲಿಯವನ ಮಗನಿಗೆ ಕಾನೂನು ಇದೆ ಅಂತಾರೆ.

ಕೋಲಾರದ ಮೇಷ್ಟ್ರು

ಅಕ್ಕನ ಮಾತಿಗೆ ನನ್ನದೂ ಒಂದು ವೋಟು. ಆದರೆ ಸೆಕ್ಷನ್ ಹಾಕುವವರ ಕೈಯ ವಿಷಯಕ್ಕೆ ಏನು ಮದ್ದು? ಅದಕ್ಕೆ ಯಾರೂ ಉತ್ತರ ಹೇಳಲಿಲ್ಲ.

ಕರಿಕೋಟು ತುಮಕೂರು

ಅದಕ್ಕೆ ಉತ್ತರ ಇನ್ನೂ ಕಷ್ಟ ಮೇಷ್ಟ್ರೆ. 2024ರ ಜುಲೈ 1ರಿಂದ ಭಯೋತ್ಪಾದನೆ ಎರಡು ಕಾನೂನಲ್ಲಿ ಇದೆ, ಯುಎಪಿಎಯಲ್ಲೂ, ನ್ಯಾಯ ಸಂಹಿತೆಯ 113ರಲ್ಲೂ. ವ್ಯಾಖ್ಯಾನ ಹೆಚ್ಚುಕಡಿಮೆ ಒಂದೇ, ಕನಿಷ್ಠ 5 ವರ್ಷವೂ ಒಂದೇ. ಉಳಿದದ್ದು ಬೇರೆ. ಯುಎಪಿಎಯಲ್ಲಿ ಹಾಕಿದರೆ ಜಾಮೀನು ಕಷ್ಟ, ಆದರೆ ಸರ್ಕಾರದ ಮಂಜೂರಾತಿ ಇಲ್ಲದೆ ಕೋರ್ಟು ಕೇಸು ಕೈಗೆ ತೆಗೆದುಕೊಳ್ಳೋ ಹಾಗಿಲ್ಲ. ಆ ಮಂಜೂರಾತಿಗೆ ಮುಂಚೆ ಸಾಕ್ಷ್ಯವನ್ನು ಬೇರೊಂದು ಪ್ರಾಧಿಕಾರ ನೋಡಿ ವರದಿ ಕೊಡಬೇಕು. 113ರಲ್ಲಿ ಹಾಕಿದರೆ ಆ ಜಾಮೀನಿನ ಅಡ್ಡಿ ಇಲ್ಲ, ಮಂಜೂರಾತಿಯ ಜರಡಿಯೂ ಇಲ್ಲ. ಎರಡರಲ್ಲಿ ಯಾವುದು ಅಂತ ತೀರ್ಮಾನ ಮಾಡುವವರು ಯಾರು? ಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ ಅಂತ 113ರ ವಿವರಣೆಯಲ್ಲೇ ಬರೆದಿದೆ. ಯಾವ ಆಧಾರದ ಮೇಲೆ ಅಂತ ಬರೆದಿಲ್ಲ. ಕಾರಣ ದಾಖಲಿಸಬೇಕು ಅಂತಲೂ ಇಲ್ಲ. ಎಸ್‌ಪಿ ಒಂದು ಪುಟ ಕಾರಣ ಬರೆದು ಚಾರ್ಜ್‌ಶೀಟ್ ಜೊತೆ ಇಡಬೇಕು ಅಂತ ಮಾಡಿದರೆ ನನ್ನ ಅರ್ಧ ತಕರಾರು ಹೋಗುತ್ತೆ.

ಶಿರಾ ಗೇಟ್

ಆ ಒಂದು ಪುಟಕ್ಕೆ ನಾನೂ ಒಪ್ಪುತ್ತೇನೆ. ಜಡ್ಜ್‌ಗೆ ಬಾಗಿಲು ಅನ್ನೋದಕ್ಕೆ ಮಾತ್ರ ಇಲ್ಲ. ಒಬ್ಬ ತಾಯಿಗೆ ಅಂತ ತೆರೆದ ಬಾಗಿಲಲ್ಲಿ ಹತ್ತು ಜನ ನುಗ್ಗುತ್ತಾರೆ.

ಗುಬ್ಬಿ ತೆಂಗು

ಅಣ್ಣ ಅರ್ಧ ದಾರಿ ಬಂದರು, ಇವತ್ತಿಗೆ ಇಷ್ಟು ಸಾಕು.

ಬಟವಾಡಿ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಬೆಂಚ್ ಕ್ಲರ್ಕ್ ಸಾರ್, ಶಿಕ್ಷೆಯ ಪ್ರಮಾಣದ ವಿಚಾರಣೆ ನಾನು ಒಂದು ಸಲವೂ ಕಣ್ಣಾರೆ ನೋಡಿಲ್ಲ. ನಮ್ಮ ಜಿಲ್ಲಾ ಕೋರ್ಟಲ್ಲಿ ಸುಮ್ನೆ ಹೋಗಿ ಹಿಂದೆ ಕೂರಬಹುದಾ?

ಹಳೇ ಬೆಂಚ್ ಕ್ಲರ್ಕ್

ಧಾರಾಳವಾಗಿ ಕೂರಬಹುದು ಮಗು, ತೆರೆದ ಕೋರ್ಟು ಅದು. ಪೋಕ್ಸೋ ಹಾಲ್‌ಗೆ ಮಾತ್ರ ಬಿಡಲ್ಲ. ಯಾವ ಕೇಸು ತೀರ್ಪಿಗೆ ಇದೆ ಅಂತ ಹಿಂದಿನ ದಿನವೇ ಕಾಸ್ ಲಿಸ್ಟ್ ನೋಡಿಕೋ. ತೀರ್ಪು ಹೇಳಿದ ದಿನವೇ ಶಿಕ್ಷೆಯ ಬಗ್ಗೆ ಕೇಳಬಹುದು, ಇಲ್ಲ ಮಾರನೇ ದಿನಕ್ಕೆ ಹಾಕಬಹುದು. ಹನ್ನೊಂದಕ್ಕೆ ಮುಂಚೆ ಬಾ, ಮೊಬೈಲ್ ಆಫ್ ಮಾಡು. ಮುಂದಿನ ಸಾಲಿನ ಕುರ್ಚಿ ವಕೀಲರದ್ದು, ಅಲ್ಲಿ ಕೂತರೆ ಅಟೆಂಡರ್ ಎಬ್ಬಿಸುತ್ತಾನೆ.